ಬಲಗಡೆಯ ಪುಟ್ಟಕ್ಕ

ಗುರುವಾರ, ಮಧ್ಯಾಹ್ನ ಎರಡೂವರೆ
ಆಸ್ಪತ್ರೆಯ ಮೂರನೆಯ ಮಹಡಿ, ಲಿಫ್ಟಿನ ಎದುರಿನ ಕುರ್ಚಿ

ನನ್ನ ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ಅಕ್ಕನಿಗೆ,

ಗಂಡನ ಅಕ್ಕನನ್ನು ಅತ್ತಿಗೆ ಎಂದು ಕರೆಯಬೇಕು ಎಂದು ನಮ್ಮಮ್ಮ ಮದುವೆಗೆ ಮುಂಚೆ ಹತ್ತು ಸಲ ಹೇಳಿಕೊಟ್ಟಿದ್ದರು. ನಿಮ್ಮನ್ನು ನೋಡಿದ ಮೊದಲ ದಿನವೇ ಬಾಯಿಗೆ ಬಂದದ್ದು ಅಕ್ಕ. ಆಮೇಲೆ ಅದನ್ನು ಬದಲಾಯಿಸಲು ಆಗಲೇ ಇಲ್ಲ. ಈ ಪತ್ರ ಓದಿ ಮುಗಿಸಿದ ಮೇಲೂ ಹಾಗೆ ಕರೆಯಲು ಬಿಡುತ್ತೀರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಮೊದಲೇ ಕರೆದುಬಿಟ್ಟಿದ್ದೇನೆ.

ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ: ನಿಮ್ಮ ತಮ್ಮ ಬದುಕಿದ್ದಾರೆ. ಎಚ್ಚರವಾಗಿದ್ದಾರೆ, ಮಾತಾಡುತ್ತಾರೆ. ನನ್ನ ಜೊತೆ ಮಾತ್ರ ಆಡುವುದಿಲ್ಲ. ನೀವು ಕೊಟ್ಟ ಕಿಡ್ನಿಯ ವಿಷಯ ಮುಂದೆ ಬರುತ್ತದೆ. ದಯವಿಟ್ಟು ಹಾಳೆ ಮಗುಚಿ ನೇರವಾಗಿ ಅಲ್ಲಿಗೆ ಹೋಗಬೇಡಿ. ಹಾಗೆ ಹೋದರೆ ನಾನು ತೀರಾ ಕೆಟ್ಟವಳಾಗಿ ಕಾಣುತ್ತೇನೆ. ಮೊದಲಿನಿಂದ ಓದಿದರೂ ಕಾಣಬಹುದು, ಆದರೆ ಸ್ವಲ್ಪ ನಿಧಾನವಾಗಿ.

ಕಳೆದ ವಾರ ಎಲ್ಲ ಮುಗಿದ ಮೇಲೆ ಫೋನಿನಲ್ಲಿ ನಿಮಗೆ ಹೇಳಿದ್ದೆ, ಹೊಟ್ಟೆಯಲ್ಲಿ ಒಂದು ಸಣ್ಣ ಆಪರೇಷನ್ ಅಷ್ಟೇ, ನೀವು ಅಂಗಡಿ ಮುಚ್ಚಿ ಬರುವುದೇನೂ ಬೇಡ ಎಂದು. ಅದು ಸಣ್ಣದಾಗಿರಲಿಲ್ಲ ಅಕ್ಕ. ಮತ್ತೆ ಫೋನ್ ಮಾಡಿ ನಿಜ ಹೇಳೋಣವೆಂದರೆ, ನೀವು ಒಂದರ ಹಿಂದೊಂದು ಪ್ರಶ್ನೆ ಕೇಳುವ ವೇಗಕ್ಕೆ ನನ್ನ ಬಾಯಲ್ಲಿ ಸುಳ್ಳೇ ಮೊದಲು ಬರುತ್ತದೆ. ಅಭ್ಯಾಸವಾಗಿಬಿಟ್ಟಿದೆ. ಕಾಗದದ ಮೇಲಾದರೆ ಒಂದು ವಾಕ್ಯ ಬರೆದು, ಅದು ನಿಜವೋ ಅಲ್ಲವೋ ನೋಡಿಕೊಂಡು, ಇನ್ನೊಂದಕ್ಕೆ ಹೋಗಬಹುದು. ಇವರ ಕನ್ನಡಕದ ಅಂಗಡಿಯ ಮಾಲೀಕರು ನಾಳೆ ಬೆಳಗ್ಗೆ ಗಾಜು ಕೊಳ್ಳಲು ನಿಮ್ಮ ಊರಿಗೆ ಬರುತ್ತಿದ್ದಾರೆ. ನಿಮ್ಮ ಹೊಲಿಗೆ ಅಂಗಡಿಗೇ ಬಂದು ಇದನ್ನು ಕೈಗೆ ಕೊಡುತ್ತಾರೆ.

ಮದುವೆಯಾಗಿ ಇವತ್ತಿಗೆ ಐವತ್ತೆಂಟು ದಿನ. ಹೌದು, ನಾನು ಎಣಿಸುತ್ತೇನೆ! ಮೊದಲ ನಲವತ್ತೈದು ದಿನ ನಾನು ನೆಲದ ಮೇಲೆ ನಡೆದದ್ದೇ ನೆನಪಿಲ್ಲ. ಶಾಲೆಯಲ್ಲಿ ನನ್ನ ಪುಟಾಣಿ ಮಕ್ಕಳು ಕೂಡ, ಮಿಸ್ ಯಾಕೆ ಸುಮ್ಮಸುಮ್ಮನೆ ನಗ್ತಾರೆ ಎಂದು ಆಯಾಳನ್ನು ಕೇಳಿದ್ದರಂತೆ. ಮನೆಯಲ್ಲಿ ನಾನು ಬಣ್ಣದ ಹಾಳೆಯ ಮೇಲೆ ಒಂದು ಪಟ್ಟಿ ಮಾಡಿ ಬೀರುವಿಗೆ ಅಂಟಿಸಿದ್ದೆ. ಬೆಳಗ್ಗೆ ಎಂಟಕ್ಕೆ ಮಾತ್ರೆ, ಸಂಜೆ ಎಂಟಕ್ಕೆ ಮಾತ್ರೆ, ದಿನಕ್ಕೆ ಮೂರು ಲೀಟರ್ ನೀರು. ಸರಿಯಾಗಿ ಮಾಡಿದ ದಿನಕ್ಕೆ ಒಂದು ಬಂಗಾರದ ನಕ್ಷತ್ರ. ಮೂವತ್ತನಾಲ್ಕು ವರ್ಷದ ಮನುಷ್ಯ ನಕ್ಷತ್ರಕ್ಕಾಗಿ ನನ್ನ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು.

ಆರು ವರ್ಷದ ಹಿಂದೆ ನೀವು ಕೊಟ್ಟ ಕಿಡ್ನಿಗೆ ಅವರು ಪುಟ್ಟಕ್ಕ ಎಂದು ಹೆಸರಿಟ್ಟಿದ್ದು ನಿಮಗೆ ಗೊತ್ತೇ ಇದೆ. ಆದರೆ ಆ ಹೆಸರು ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತದೆ ಎಂದು ನಿಮಗೆ ಗೊತ್ತಿಲ್ಲ. ಪುಟ್ಟಕ್ಕನಿಗೆ ಬಾಯಾರಿದೆ, ಲೋಟ ಕೊಡು. ಪುಟ್ಟಕ್ಕನಿಗೆ ಈ ಸಿನಿಮಾ ಹಿಡಿಸಲಿಲ್ಲ, ಎದ್ದು ಹೋಗೋಣ. ಬಸ್ಸಿನಲ್ಲಿ ರಶ್ ಇದ್ದರೆ ಹೊಟ್ಟೆಯ ಬಲಗಡೆಗೆ ಕೈ ಅಡ್ಡ ಇಟ್ಟುಕೊಂಡು, ಸ್ವಲ್ಪ ಜಾಗ ಬಿಡಿ, ನಮ್ಮ ಜೊತೆ ಹೆಂಗಸರಿದ್ದಾರೆ ಎನ್ನುತ್ತಿದ್ದರು. ಜನ ನನ್ನನ್ನು ನೋಡಿ ಜಾಗ ಬಿಡುತ್ತಿದ್ದರು. ನಾನು ಮುಖ ಆಚೆ ತಿರುಗಿಸಿ ನಗು ತಡೆದುಕೊಳ್ಳುತ್ತಿದ್ದೆ.

ನಲವತ್ತಾರನೆಯ ದಿನ, ಶನಿವಾರ ಸಂಜೆ, ಅಂಗಡಿಯಿಂದ ಬಂದವರು ಹೊಟ್ಟೆ ಒತ್ತಿಕೊಂಡು ಕೂತರು. ಪುಟ್ಟಕ್ಕನಾ ಎಂದೆ.

"ಅಯ್ಯೋ ಪೆದ್ದಿ," ಎಂದು ನಕ್ಕರು. "ಪುಟ್ಟಕ್ಕನ ಮನೆ ಬಲಗಡೆ. ಇದು ನೋಡು, ಎಡಗಡೆ. ಎಡಗಡೆ ಏನಿದ್ರೂ ಬರೀ ಗ್ಯಾಸು."

ಜ್ವರ ನೋಡಿದೆ. ಇರಲಿಲ್ಲ. ಬಲಗಡೆ ಒತ್ತಿ ನೋಡಿದೆ. ನೋವಿಲ್ಲ ಎಂದರು. ಅಷ್ಟಕ್ಕೇ ನಮಗಿಬ್ಬರಿಗೂ ಎಂಥ ಖುಷಿ ಗೊತ್ತಾ ಅಕ್ಕ? ನನ್ನ ಗಂಡನಿಗೆ ಹೊಟ್ಟೆನೋವು, ನಾನು ಕುಣಿಯುತ್ತಿದ್ದೆ, ಯಾಕೆಂದರೆ ನೋವು ಎಡಗಡೆ ಇತ್ತು. ನಾವಿಬ್ಬರೂ ಅಷ್ಟು ದಿನ ಬಲಗಡೆಯನ್ನೇ ಕಾಯುತ್ತಾ ಬಂದು, ಆ ಮೈಯಲ್ಲಿ ಇನ್ನೊಂದು ಕಡೆಯೂ ಇದೆ ಎನ್ನುವುದನ್ನೇ ಮರೆತಿದ್ದೆವು.

ಭಾನುವಾರ ನಮ್ಮ ಶಾಲೆಯ ಟೀಚರುಗಳೆಲ್ಲ ಸೇರಿ ಕೆರೆಯ ಕಡೆ ಹೋಗುವುದಿತ್ತು. ಗಂಡನನ್ನು ಎಲ್ಲರಿಗೂ ತೋರಿಸಬೇಕೆಂದು ನನಗೆ ಒಂದೇ ಆಸೆ. ಬೆಳಗ್ಗೆ ಅವರಿಗೆ ಒಂದು ತುತ್ತು ಸೇರಲಿಲ್ಲ. ನಾನು, ಬೇಡ ಬಿಡಿ, ಮನೆಯಲ್ಲೇ ಇರೋಣ ಎಂದೆ. ಆದರೆ ಹಾಗೆನ್ನುವಾಗ ಮುಖ ಸಣ್ಣಗೆ ಮಾಡಿಕೊಂಡಿದ್ದೆ. ಅವರು ಆ ಮುಖ ನೋಡಿ ಹೊರಟರು. ಕಾಲಲ್ಲಿ ತುಳಿಯುವ ದೋಣಿ ಹತ್ತಿ, ಫೋಟೋಗೆಂದು ನನ್ನ ಜೊತೆ ಕೆರೆ ಪೂರ್ತಿ ಸುತ್ತು ಹಾಕಿದರು. ಆ ಫೋಟೋದಲ್ಲಿ ಅವರ ತುಟಿ ಬೆಳ್ಳಗಿದೆ. ಬಿಸಿಲಿಗೆ ಹಾಗೆ ಕಾಣುತ್ತದೆ ಅಂದುಕೊಂಡಿದ್ದೆ.

ಅವತ್ತು ಸಂಜೆ ನೀವು ಫೋನ್ ಮಾಡಿದಿರಿ. ಅವರು ಸೋಫಾದಲ್ಲಿ ಮೊಣಕಾಲು ಮಡಚಿ ಮಲಗಿದ್ದರು. ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡ ಎಂದು ಸನ್ನೆ ಮಾಡಿದರು. ನೀವು ಕೇಳಿದ್ದು, "ಏನೇ ಚಿಲಿಪಿಲಿ, ನಮ್ಮ ಸಾಹೇಬ ಹೇಗಿದ್ದಾನೆ? ಸರಿಯಾಗಿ ತಿಂತಿದ್ದಾನಾ?" ಎಂದು.

"ಎರಡು ತಟ್ಟೆ ಊಟ ಮಾಡಿದ್ರು ಅಕ್ಕಾ! ಫಸ್ಟ್ ಕ್ಲಾಸಾಗಿದ್ದಾರೆ!" ಎಂದೆ.

"ಎಲ್ಲಿ, ಅವನ ಕೈಗೆ ಫೋನ್ ಕೊಡು."

"ಸ್ನಾನಕ್ಕೆ ಹೋಗಿದ್ದಾರೆ."

ಆರು ವರ್ಷದ ಹಿಂದೆ ಡಯಾಲಿಸಿಸ್‌ಗೆ ಅವರನ್ನು ವಾರಕ್ಕೆ ಮೂರು ಸಲ ಕರೆದುಕೊಂಡು ಹೋಗಿ ಬಂದವರು ನೀವು. ಅವರ ಒಂದು ಹಲೋ ಕೇಳಿದ್ದರೆ ನಿಮಗೆ ಗೊತ್ತಾಗಿಬಿಡುತ್ತಿತ್ತು. ನಾನು ಆ ಹಲೋ ನಿಮಗೆ ಕೇಳಿಸಲಿಲ್ಲ. ಅವರ ಸನ್ನೆಯ ಮೇಲೆ ತಪ್ಪು ಹೊರಿಸಬಹುದು. ಆದರೆ ಎರಡು ತಟ್ಟೆ ಎನ್ನುವುದು ಸನ್ನೆಯಲ್ಲಿ ಇರಲಿಲ್ಲ, ಅದನ್ನು ನಾನೇ ಸೇರಿಸಿದ್ದು.

ಸೋಮವಾರ ಬೆಳಗ್ಗೆ ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿದೆವು. ಹೊಟ್ಟೆನೋವಿನ ವಿಷಯ ಲ್ಯಾಬಿನಲ್ಲಿ ಹೇಳಲೂ ಇಲ್ಲ. ಕ್ರಿಯಾಟಿನಿನ್ ಒಂದು ಪಾಯಿಂಟ್ ಮೂರು, ಯಾವಾಗಲೂ ಇರುವಷ್ಟೇ. ಪುಟ್ಟಕ್ಕ ಪಾಸ್ ಎಂದು ಆ ದಿನಕ್ಕೆ ಎರಡು ನಕ್ಷತ್ರ ಅಂಟಿಸಿದೆ.

ಮಂಗಳವಾರ ಮಧ್ಯಾಹ್ನ ಗಾಜು ಉಜ್ಜುವ ಯಂತ್ರದ ಮುಂದೆ ಕೂತವರಿಗೆ ಏಳಲು ಆಗಲಿಲ್ಲ. ಮಾಲೀಕರು ಆಟೋದಲ್ಲಿ ಇಲ್ಲಿಗೆ ಕರೆತಂದು ನನಗೆ ಶಾಲೆಗೆ ಫೋನ್ ಮಾಡಿದರು. ನಾನು ಬರುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಇಲ್ಲಿನ ಸರ್ಜನ್ ಒಬ್ಬರು ಹೆಂಗಸು, ತಲೆಗೂದಲು ಗಿಡ್ಡ, ಮಾತೂ ಗಿಡ್ಡ. ಎಷ್ಟು ದಿನದಿಂದ ನೋವು ಎಂದರು. ಶನಿವಾರದಿಂದ ಎಂದೆ.

"ಇವತ್ತು ಮಂಗಳವಾರ," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜ್ವರವೇ ಇರಲಿಲ್ಲ ಡಾಕ್ಟರ್, ನೋವೂ ತಡೆಯಲಾಗದಷ್ಟು ಇರಲಿಲ್ಲ ಎಂದೆ. ಆಗ ಅವರು ಕೂತರು. ಪುಟ್ಟಕ್ಕನ ಮೇಲೆ ಮೈ ಜಗಳಕ್ಕೆ ಹೋಗದಿರಲಿ ಎಂದು ಕೊಡುವ ಮಾತ್ರೆಗಳು, ಮೈ ಯಾರ ಮೇಲೂ ಜಗಳಕ್ಕೆ ಹೋಗದ ಹಾಗೆ ಮಾಡುತ್ತವಂತೆ. ಒಳಗೆ ಕೀವು ತುಂಬಿದರೂ ಜ್ವರ ಬರುವುದಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಬೇಕಾದದ್ದು ಮೆತ್ತಗೇ ಇರುತ್ತದೆ. "ಈ ಮಾತ್ರೆ ತಗೊಳ್ಳೋರ ಹೊಟ್ಟೆ ಸುಳ್ಳು ಹೇಳುತ್ತಮ್ಮ. ಇವರಿಗೆ ಸ್ವಲ್ಪ ನೋವು ಅಂದ್ರೆ ನಾವು ಓಡಬೇಕು," ಎಂದರು. ದೊಡ್ಡ ಕರುಳಿನ ಗೋಡೆ ಒಂದು ಕಡೆ ತೂತಾಗಿ, ಒಳಗಿನದೆಲ್ಲ ಹೊಟ್ಟೆಗೆ ಸೋರಿತ್ತು. ಎಡಗಡೆ.

ಆಮೇಲೆ ನಿಮ್ಮ ಹಳೆಯ ಕಿಡ್ನಿ ಡಾಕ್ಟರು ಬಂದರು, ಬಿಳಿ ಹುಬ್ಬಿನವರು. ಆ ಗಡಿಬಿಡಿಯಲ್ಲೂ ಕೇಳಿದರು, ಹೊಲಿಗೆಯಮ್ಮ ಹೇಗಿದ್ದಾರೆ, ಅವರು ಹೊಲಿದುಕೊಟ್ಟ ಪರದೆ ಇನ್ನೂ ನನ್ನ ರೂಮಿನಲ್ಲಿದೆ ಎಂದರು. ನನ್ನ ಮುಂದೆಯೇ ಇಬ್ಬರಿಗೂ ವಾದ ಶುರುವಾಯಿತು.

"ಮಾತ್ರೆ ಹೀಗೆ ಒಂದೇ ಸಲ ನಿಲ್ಲಿಸಿದ್ರೆ ಕಿಡ್ನಿ ಕೈ ಬಿಡಬಹುದು," ಎಂದರು ಅವರು.

"ನಿಲ್ಲಿಸದಿದ್ರೆ ಮನುಷ್ಯನೇ ಕೈ ಬಿಡ್ತಾನೆ," ಎಂದರು ಸರ್ಜನ್. "ಆಮೇಲೆ ಆ ಕಿಡ್ನಿ ಯಾರಿಗೆ ಅಂತ ಇಟ್ಕೋತೀರಿ ಸಾರ್?"

ಅವರು ಹುಬ್ಬು ಉಜ್ಜಿಕೊಂಡರು. ಮೂರು ಬಗೆಯ ಮಾತ್ರೆಯಲ್ಲಿ ಎರಡನ್ನು ನಿಲ್ಲಿಸುವುದು, ಸ್ಟಿರಾಯ್ಡ್ ಮಾತ್ರ ಇಂಜೆಕ್ಷನ್ನಿನಲ್ಲಿ ಕೊಡುವುದು ಎಂದು ತೀರ್ಮಾನವಾಯಿತು. ಹತ್ತಿರದ ಸಂಬಂಧಿ ಯಾರು ಎಂದು ನರ್ಸ್ ಕೇಳಿದಾಗ ನನ್ನ ತಲೆಗೆ ಬಂದದ್ದು ನೀವು. ಅಂಗಡಿ ಮಾಲೀಕರು ನನ್ನ ಕಡೆ ಕೈ ತೋರಿಸಿ, "ಹೆಂಡತಿ ಇಲ್ಲೇ ನಿಂತಿದಾರಲ್ಲ," ಎಂದರು.

ಕಾಗದದಲ್ಲಿ ಎಲ್ಲವೂ ಇತ್ತು. ಸೋಂಕು ರಕ್ತಕ್ಕೆ ಏರಬಹುದು. ಗಾಯ ಕೂಡದೆ ಬಿಚ್ಚಿಕೊಳ್ಳಬಹುದು. ಬದಲಿ ಕಿಡ್ನಿ ಕೆಲಸ ನಿಲ್ಲಿಸಬಹುದು. ಪ್ರಾಣವೇ ಹೋಗಬಹುದು. ಅವರ ಅಕ್ಕನಿಗೆ ಒಂದು ಫೋನ್ ಮಾಡಲಾ ಎಂದೆ. ಹತ್ತು ನಿಮಿಷ ಎಂದರು ಸರ್ಜನ್. ನಾನು ಮೆಟ್ಟಿಲ ಹತ್ತಿರ ಹೋಗಿ ನಿಮ್ಮ ನಂಬರ್ ತೆಗೆದೆ. ತೆಗೆದು ನೋಡುತ್ತಾ ನಿಂತೆ, ಒತ್ತಲಿಲ್ಲ. ಮಾಡಮ್ಮ, ಸಹಿ ಹಾಕು ಎಂದೇ ನೀವು ಹೇಳುತ್ತಿದ್ದಿರಿ, ನನಗೆ ಗೊತ್ತಿತ್ತು. ಆದರೆ ಹಾಗೆ ಹೇಳುವ ಮುಂಚೆ ಒಂದು ಗಳಿಗೆ ನೀವು ಸುಮ್ಮನಾದರೆ? ಆ ಒಂದು ಗಳಿಗೆಯನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮದುವೆಯ ನಂತರದ ಹೊಸ ಸಹಿಯನ್ನು, ಅವರ ಹೆಸರು ಸೇರಿಸಿ, ಶಾಲೆಯ ಡೈರಿಯ ಕೊನೆಯ ಪುಟದಲ್ಲಿ ಒಂದು ವಾರ ಅಭ್ಯಾಸ ಮಾಡಿದ್ದೆ. ಹೂವಿನ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುವ ಸಹಿ. ಎಲ್ಲಿ ಹಾಕುವುದಕ್ಕೂ ಸಂದರ್ಭ ಬಂದಿರಲಿಲ್ಲ. ಮೊದಲ ಸಲ ಹಾಕಿದ್ದು ಆ ಕಾಗದಕ್ಕೆ. ಇವರು ಉಳಿಯಲಿ ಎಂದಷ್ಟೇ ಅಂದುಕೊಂಡು ಹಾಕಿದೆ.

ಆಪರೇಷನ್ ನಾಲ್ಕೂವರೆ ಗಂಟೆ. ಹಾಳಾದ ಕರುಳಿನ ತುಂಡು ತೆಗೆದರು. ಈ ಮಾತ್ರೆ ತಿಂದ ಮೈಯಲ್ಲಿ ಈಗಲೇ ಜೋಡಿಸಿದರೆ ಹೊಲಿಗೆ ನಿಲ್ಲುವುದಿಲ್ಲವೆಂದು, ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಚೀಲ ಕಟ್ಟಿದ್ದಾರೆ. ತಿಂಗಳುಗಳ ಮೇಲೆ, ಎಲ್ಲ ಸರಿಯಿದ್ದರೆ, ಮತ್ತೆ ಜೋಡಿಸುತ್ತಾರಂತೆ. ಬಲಗಡೆ ಕೈ ತಾಗದ ಹಾಗೆ ನೋಡಿಕೊಂಡೆ ಎಂದು ಸರ್ಜನ್ ಹೊರಗೆ ಬಂದು ನನಗಾಗಿಯೇ ಹೇಳಿದರು. ಆದರೂ ರಕ್ತದೊತ್ತಡ ಬಿದ್ದದ್ದಕ್ಕೋ, ಸೋಂಕಿಗೋ, ಮಾತ್ರೆ ನಿಂತದ್ದಕ್ಕೋ, ಪುಟ್ಟಕ್ಕ ಮುನಿಸಿಕೊಂಡಳು. ಮೂರನೆಯ ದಿನ ಮೂತ್ರ ನಿಂತುಹೋಯಿತು. ಶುಕ್ರವಾರ ಒಂದು ಸಲ ಡಯಾಲಿಸಿಸ್ ಮಾಡಿದರು. ಅವರಿಗೆ ಎಚ್ಚರವಿರಲಿಲ್ಲ. ಆ ಯಂತ್ರವನ್ನು ಅವತ್ತೇ ನಾನು ಮೊದಲ ಸಲ ನೋಡಿದ್ದು. ಅದರ ಪಕ್ಕ ನೀವು ಎಷ್ಟು ಮಧ್ಯಾಹ್ನ ಕೂತಿದ್ದಿರಿ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಭಾನುವಾರ ಎಚ್ಚರವಾದರು. ಸೋಮವಾರ ಗಂಟೆ ಎಂಟಾಗುತ್ತಿದ್ದ ಹಾಗೆ ನನ್ನ ಮುಂದೆ ಅಂಗೈ ಚಾಚಿದರು, ಮಾತ್ರೆಗೆ. ನಿಲ್ಲಿಸಿದ್ದಾರೆ ಎಂದು ನಾನು ಹೇಳಬೇಕಾಯಿತು. ಅವರ ಕೈ ಕತ್ತಿನ ಪಕ್ಕ ಡಯಾಲಿಸಿಸ್‌ಗೆಂದು ಹಾಕಿದ್ದ ನಳಿಕೆಯ ಮೇಲೆ ಹೋಯಿತು. ಅದು ಏನೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಯಾರು ಸಹಿ ಹಾಕಿದ್ದು ಎಂದು ಕೇಳಿದರು. ನಾನು ಎಂದೆ.

"ಅದು ಅಕ್ಕಂದು. ಅದನ್ನ ನಿಲ್ಲಿಸೋ ಕಾಗದಕ್ಕೆ ಸಹಿ ಹಾಕೋಕೆ ನೀನ್ಯಾರು?"

"ನಾನು ನಿಮ್ಮ ಹೆಂಡತಿ."

"ಐವತ್ತು ದಿನದ ಹೆಂಡತಿ."

ಐವತ್ತೈದು ಎಂದು ತಿದ್ದಬೇಕೆನಿಸಿತು. ತಿದ್ದಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವತ್ತಿನಿಂದ ಹಾಗೇ ಇದ್ದಾರೆ. ನೀರು ಬೇಕಾದರೆ ನರ್ಸನ್ನು ಕೇಳುತ್ತಾರೆ. ನಾನು ಅವರ ಬೆನ್ನಿಗೆ ಶಾಲೆಯ ಕಥೆ ಹೇಳುತ್ತೇನೆ. ಯಾವ ಮಗು ಯಾರ ಪೆನ್ಸಿಲ್ ಕಚ್ಚಿತು, ಅಂಥದ್ದು. ಎದುರು ಹಾಸಿಗೆಯ ಅಜ್ಜಿ ಮಾತ್ರ, ಆಮೇಲೇನಾಯ್ತು ಎನ್ನುತ್ತಾರೆ.

ಈಗ ವಿಷಯ, ಅಕ್ಕ. ಮಂಗಳವಾರ ಗಾಯ ಬಿಚ್ಚಿಕೊಂಡಿತು. ಬೇರೆಯವರಿಗೆ ಒಂದು ವಾರಕ್ಕೆ ಕೂಡುವ ಹೊಲಿಗೆ ಇವರಿಗೆ ಕೂಡಿಲ್ಲ. ಕೆಳಗಡೆ ನಾಲ್ಕು ಬೆರಳು ಅಗಲ ಬಾಯಿ ತೆರೆದಿದೆ. ದಿನಕ್ಕೆರಡು ಸಲ ನರ್ಸ್ ಜೊತೆ ನಿಂತು ನಾನೂ ತೊಳೆಯುತ್ತೇನೆ. ಮೊದಲ ದಿನ ತಲೆ ಸುತ್ತಿ ಬಿದ್ದೆ, ಈಗ ಕತ್ತರಿ ಹಿಡಿಯುತ್ತೇನೆ. ಗಾಯ ಶುದ್ಧವಾಗುವವರೆಗೆ, ಇನ್ನು ಎರಡು ಮೂರು ವಾರ, ಆ ಎರಡು ಮಾತ್ರೆ ಬೇಡವೇ ಬೇಡ ಎನ್ನುತ್ತಾರೆ ಸರ್ಜನ್. ಕಿಡ್ನಿ ಡಾಕ್ಟರೂ ಈಗ ಅದನ್ನೇ ಹೇಳುತ್ತಾರೆ. ಅಷ್ಟು ದಿನ ಪುಟ್ಟಕ್ಕ ತಾಳಿದರೆ ತಾಳಿದಳು, ಇಲ್ಲವಾದರೆ ಇಲ್ಲ. ನಿಮ್ಮ ತಮ್ಮ ಒಪ್ಪುತ್ತಿಲ್ಲ. ನಾಡಿದ್ದು ಶನಿವಾರ ಇಬ್ಬರು ಡಾಕ್ಟರೂ ಒಟ್ಟಿಗೆ ಬರುತ್ತಾರೆ. ಅವತ್ತು ತಾವೇ ಸಹಿ ಹಾಕಿ ಪೂರ್ತಿ ಮಾತ್ರೆ ಶುರು ಮಾಡಿಸುತ್ತಾರಂತೆ. ಎಚ್ಚರವಿರುವ ಮನುಷ್ಯ, ಅವರ ಮೈ, ಕಟ್ಟಿಹಾಕುವ ಹಾಗಿಲ್ಲ ಎಂದರು ಸರ್ಜನ್. ಶುರು ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಕಾರಿಡಾರಿನ ಕೊನೆಯವರೆಗೆ ನನ್ನ ಜೊತೆ ನಡೆದು ಬಂದರು, ಅಷ್ಟೇ.

ನಾನು ಹೇಳಿದರೆ ಅವರು ಕೇಳುವುದಿಲ್ಲ. ಡಾಕ್ಟರು ಹೇಳಿದರೂ ಕೇಳಲಿಲ್ಲ. ಅಕ್ಕ ಕೊಟ್ಟದ್ದನ್ನು ಕಳೆದುಕೊಂಡು ಯಾವ ಮುಖ ಇಟ್ಟುಕೊಂಡು ಅವಳೆದುರು ನಿಲ್ಲಲಿ ಎಂದು ನರ್ಸ್ ಹತ್ತಿರ ಹೇಳಿದರಂತೆ. ಅವರಿಗೆ ಬೇಕಾಗಿರುವುದು ನಿಮ್ಮ ಅನುಮತಿ. ಹೋದರೆ ಹೋಗಲಿ ಕಣೋ ಎಂದು ನೀವು ಹೇಳಬೇಕು. ಫೋನಿನಲ್ಲಿ ಸಾಲದು, ಅವರು ನಿಮ್ಮ ಮುಖ ನೋಡುತ್ತಾರೆ. ನಿಮಗೆ ಸುಮ್ಮನಾಗಬೇಕೆನಿಸಿದರೆ ಅದನ್ನು ಅಲ್ಲೇ ಮುಗಿಸಿಕೊಳ್ಳಿ ಅಕ್ಕ. ಅಳುವುದು, ನನ್ನನ್ನು ಬೈಯುವುದು, ಎಲ್ಲ ನಿಮ್ಮ ಹೊಲಿಗೆ ಯಂತ್ರದ ಮುಂದೆಯೇ ಮುಗಿಸಿ. ಆಮೇಲೆ ಮಾಲೀಕರು ವಾಪಸು ಬರುವ ಬಸ್ಸಿಗೇ ಅವರ ಜೊತೆ ಹೊರಟು ಬನ್ನಿ. ನಿಮಗೂ ಸೇರಿಸಿ ಟಿಕೆಟ್ ತೆಗೆಯಲು ಅವರಿಗೆ ಹೇಳಿದ್ದೇನೆ. ಕೇಳದೆ ಹೇಳಿದ್ದಕ್ಕೆ ಕ್ಷಮಿಸಿ. ಇತ್ತೀಚೆಗೆ ಎಲ್ಲವನ್ನೂ ನಿಮ್ಮನ್ನು ಕೇಳದೆಯೇ ಮಾಡುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ತಿನ್ನುತ್ತೇನೆ, ಕೂತಲ್ಲೇ ನಿದ್ದೆ ಮಾಡುತ್ತೇನೆ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಯಾರೋ ನಮ್ಮವರು ಬಂದರು ಎಂದು ತಲೆ ಎತ್ತಿ ನೋಡುವುದನ್ನು ಮಾತ್ರ ಬಿಡಲಾಗುತ್ತಿಲ್ಲ.

ಇಷ್ಟೆಲ್ಲ ಆದ ಮೇಲೂ ನಿಮ್ಮವಳೇ ಆಗಿರಬೇಕೆಂದು ಆಸೆಪಡುವ,
ಚಿಲಿಪಿಲಿ

ಮರೆತದ್ದು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಇವರು ಉಳಿಯಲಿ ಎಂದಷ್ಟೇ ಅಂದುಕೊಂಡು ಸಹಿ ಹಾಕಿದೆ ಎಂದು ಮೇಲೆ ಬರೆದಿದ್ದೇನಲ್ಲ, ಈಗ ಮತ್ತೊಮ್ಮೆ ಓದಿದೆ. ಅದು ಪೂರ್ತಿ ನಿಜವಲ್ಲ. ಪೆನ್ನು ಎತ್ತುವಾಗ ಒಂದು ಕ್ಷಣ, ಹೋಗಲಿ ಆ ಪುಟ್ಟಕ್ಕ, ಇನ್ನು ಮೇಲಾದರೂ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ ಎನಿಸಿತು. ನೀವು ನನಗೆ ಏನೂ ಕೆಟ್ಟದ್ದು ಮಾಡಿದವರಲ್ಲ. ಮದುಮಗಳಿಗೆ ಇಂಥ ಹೊಟ್ಟೆಕಿಚ್ಚು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಅವರಿಗೆ ಹೇಳಬೇಡಿ. ನಿಮಗೆ ಹೇಳದೆ ನಿಮ್ಮನ್ನು ಬನ್ನಿ ಎಂದು ಕರೆಯಲು ಆಗಲಿಲ್ಲ.

ಈಗ ಹಾಗಿಲ್ಲ ಅಕ್ಕ. ಮೂತ್ರದ ಚೀಲ ನೋಡಿ ಗಂಟೆಗೊಮ್ಮೆ ಬರೆದಿಡುವ ಕೆಲಸವನ್ನು ನರ್ಸ್‌ಗಳ ಹತ್ತಿರ ಕೇಳಿ ನಾನೇ ತೆಗೆದುಕೊಂಡಿದ್ದೇನೆ. ನಿನ್ನೆ ಇಡೀ ದಿನಕ್ಕೆ ನಾನೂರು ಎಂಎಲ್. ಇವತ್ತು ಬೆಳಗಿನಿಂದ ಈ ನಾಲ್ಕು ಗಂಟೆಯವರೆಗೇ ಮುನ್ನೂರ ಅರವತ್ತು. ಇದರಿಂದ ಏನನ್ನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ನಾನು ಬಗ್ಗಿ ಗೆರೆ ನೋಡಿ ಎದ್ದಾಗ ಇವರು ಗೋಡೆಗೆ ಮುಖ ಇಟ್ಟುಕೊಂಡೇ, "ಎಷ್ಟು?" ಎಂದರು. ಸೋಮವಾರದಿಂದೀಚೆಗೆ ನನ್ನ ಜೊತೆ ಆಡಿದ ಮೊದಲ ಮಾತು. ಎಷ್ಟಿತ್ತೋ ಅಷ್ಟೇ ಹೇಳಿದೆ, ಒಂದು ಹನಿಯನ್ನೂ ಸೇರಿಸಲಿಲ್ಲ.